ಮೆಣಸಿನಕಾಯಿ ಪೇಟೆಯ ಚೀಟಿಗೆ ಚಂದಾ ಕೇಳಬಹುದೇ?

ಪ್ರಶ್ನೆ: ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ 26 ವರ್ಷ ಗುಮಾಸ್ತನಾಗಿದ್ದೆ. ಈಗ ಕೆಲಸ ಬಿಟ್ಟೇನಿ, ಪೇಟೆ ಬಿಟ್ಟಿಲ್ಲ. ಸೋಮವಾರ, ಗುರುವಾರ ಟೆಂಡರ್ ಮುಗಿದ ಮೇಲೆ ಪೇಟೆಯ ಮಾಲು, ದರದ ಬಗ್ಗೆ ಒಂದು ಪುಟದಷ್ಟು ಚೀಟಿ ಬರೆದು ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಗುಂಪಿನಲ್ಲಿ 900 ಮಂದಿ ಇದ್ದಾರೆ. ಬೆಂಗಳೂರಿನಲ್ಲಿರೋ ಮಗ "ಅಪ್ಪಾ, ಇದನ್ನ ಇಮೇಲ್ ಮಾಡಿ ಚಂದಾ ಇಡು, ಹೊರದೇಶದಾಗ ಮಂದಿ ಇದರ ಮ್ಯಾಲೇ ಬದುಕ್ಯಾರ" ಅಂತಾನೆ. ನಮ್ಮ ಕಡೆ ಇಮೇಲ್ ಯಾರು ನೋಡ್ತಾರ್ರಿ? ನೋಡಿದರೂ ರೊಕ್ಕ ಕೊಡ್ತಾರೇನು? ಕೊಡೋದಾದರೆ ಎಷ್ಟು ಕೇಳಬೇಕು, ಹೆಂಗ ಇಸಕೋಬೇಕು?
ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಪತ್ರದ ಜೊತೆ ನಿಮ್ಮ ಮೂರು ವಾರದ ಚೀಟಿಗಳನ್ನೂ ಕಳಿಸಿದ್ದು ಚಲೋ ಆಯಿತು. ಅವನ್ನು ಓದದೆ ಉತ್ತರ ಬರೆದಿದ್ದರೆ 'ಬೇಡ್ರಿ, ಯಾಕ ಬೇಕು ಆ ತ್ರಾಸು' ಅಂದುಬಿಡುತ್ತಿದ್ದೆ.

ಒಂದು ಚೀಟಿಯ ಮೊದಲೆರಡು ಸಾಲು ಹೀಗಿವೆ: ಇಂದು ಆವಕ ಹೆಚ್ಚು, ಡಬ್ಬಿ ದರ ಸ್ಥಿರ, ಕಡ್ಡಿ ತುಸು ಇಳಿಕೆ. (ಆವಕ ಅಂದರೆ ಪೇಟೆಗೆ ಬಂದ ಮಾಲು; ಡಬ್ಬಿ, ಕಡ್ಡಿ ಎರಡೂ ಮೆಣಸಿನಕಾಯಿಯ ತಳಿಗಳು.) ಸಂಜೆಯೊಳಗೆ ಎಲ್ಲರ ಮೊಬೈಲಿಗೂ ಬರುವ ಸುದ್ದಿ ಇದು, ಯಾರೂ ನಾಲ್ಕಾಣೆ ಕೊಡುವುದಿಲ್ಲ. ಆದರೆ ಕೆಳಗೆ, ಆರನೇ ಸಾಲಿನಲ್ಲಿ ಬರೆದಿದ್ದೀರಿ: 'ಬೆಳಿಗ್ಗೆ ಚೀಲ ಬಿಚ್ಚಿ ಕಾಯಿ ಮುರಿದೆ, ಮುರಿಯಲಿಲ್ಲ, ಬಾಗಿತು. ತೂಕಕ್ಕೆ ನೀರು ಹೊಡೆದ ಮಾಲು. ಇಂಥ ಲಾಟಿಗೆ ದೊಡ್ಡ ಖರೀದಿದಾರರು ಟೆಂಡರ್ ಹಾಕಲೇ ಇಲ್ಲ. ಅದಕ್ಕೇ ಸರಾಸರಿ ಇಳಿದು ಕಂಡಿದೆ. ಒಣ ಡಬ್ಬಿಗೆ ಹೋದ ವಾರದ ದರವೇ ಇದೆ.' ಈ ನಾಲ್ಕು ಮಾತು ಬರೆಯಬೇಕಾದರೆ ಬೆಳಕು ಹರಿಯುತ್ತಲೇ ಪೇಟೆಯಲ್ಲಿರಬೇಕು, ಚೀಲದೊಳಗೆ ಕೈ ಹಾಕಬೇಕು, ಅದಕ್ಕೂ ಮೊದಲು 26 ವರ್ಷ ಹಾಕಿರಬೇಕು. ರೊಕ್ಕ ಕೇಳಬಹುದಾದದ್ದು ಆ ಆರನೇ ಸಾಲಿಗೆ. ನಿಮ್ಮ ಇಡೀ ಚೀಟಿ ಅಂಥ ಸಾಲುಗಳಿಂದ ತುಂಬಬೇಕು, ಮೊದಲೆರಡು ಸಾಲು ಬಿಟ್ಟಿಯಾಗಿ ವಾಟ್ಸಾಪಿನಲ್ಲೇ ಉಳಿಯಲಿ.

ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಬೆನ್ ಥಾಂಪ್ಸನ್ ಎಂಬ ಅಮೆರಿಕನ್ನರು ತೈವಾನಿನಲ್ಲಿ ಕೂತು ತಂತ್ರಜ್ಞಾನ ಕಂಪನಿಗಳ ವ್ಯವಹಾರದ ಬಗ್ಗೆ 'ಸ್ಟ್ರಾಟೆಚರಿ' ಎಂಬ ಹೆಸರಿನಲ್ಲಿ ಒಬ್ಬರೇ ಬರೆಯುತ್ತಿದ್ದರು. 2014ರಲ್ಲಿ ಅದಕ್ಕೆ ಇಮೇಲ್ ಚಂದಾ ಇಟ್ಟರು, ಅದರ ಮೇಲೆಯೇ ಬದುಕು ಕಟ್ಟಿಕೊಂಡರು. ಅದನ್ನು ನೋಡಿ, ಎಲ್ಲರಿಗೂ ಇದು ಸುಲಭವಾಗಲಿ ಎಂದು 2017ರಲ್ಲಿ ಮೂವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಬ್‌ಸ್ಟ್ಯಾಕ್ ಎಂಬ ಕಂಪನಿ ಕಟ್ಟಿದರು. ಬರೆಯುವವರು ಮುಂಗಡವಾಗಿ ಏನೂ ಕೊಡಬೇಕಿಲ್ಲ, ಬಂದ ಚಂದಾದಲ್ಲಿ ಶೇ 10 ಕಂಪನಿಗೆ. 2021ರ ಕೊನೆಗೆ ಅಲ್ಲಿ ರೊಕ್ಕ ಕೊಟ್ಟ ಚಂದಾಗಳು 10 ಲಕ್ಷ, 2025ರ ಮಾರ್ಚಿಗೆ 50 ಲಕ್ಷ. ಈ ಅಂಕಿ ಕೇಳಿದರೆ ಯಾರಿಗಾದರೂ ಆಸೆ ಬರುತ್ತದೆ. ನಾನು ಗಮನಿಸಿದ್ದು ಬೇರೆ. ಸಬ್‌ಸ್ಟ್ಯಾಕಿನ ಮೊದಲ ಚಂದಾ ಪತ್ರ ಬಿಲ್ ಬಿಷಪ್ ಅವರದು, ಚೀನಾದ ರಾಜಕಾರಣ ಮತ್ತು ವ್ಯಾಪಾರದ ಮೇಲೆ. ಥಾಂಪ್ಸನ್ ಅವರದೂ ವ್ಯಾಪಾರದ್ದೇ. ಕವಿತೆ, ಲಲಿತ ಪ್ರಬಂಧಗಳೆಲ್ಲ ಹಿಂದಿನಿಂದ ಬಂದವು. ಮೊದಲು ರೊಕ್ಕ ಬಿಚ್ಚಿದವರು ಅದನ್ನು ಓದಿ ಮರುದಿನ ಆಫೀಸಿನಲ್ಲಿ ಏನೋ ಒಂದು ತೀರ್ಮಾನ ಮಾಡಬೇಕಾದವರು. ನಿಮ್ಮ ಮೆಣಸಿನಕಾಯಿ ಆ ಜಾತಿಗೇ ಸೇರಿದ್ದು.

ಇಷ್ಟು ಮಂದಿ ಇದರತ್ತ ವಾಲಿದ್ದಕ್ಕೆ ಇನ್ನೊಂದು ಕಾರಣ ಬೇಸರ. ಫೇಸ್‌ಬುಕ್ಕಿನಲ್ಲಿ ಹತ್ತು ಸಾವಿರ ಮಂದಿ ನಿಮ್ಮನ್ನು ಹಿಂಬಾಲಿಸಲಿ, ಇವತ್ತು ನೀವು ಬರೆದದ್ದನ್ನು ಅವರಲ್ಲಿ ಎಷ್ಟು ಮಂದಿಗೆ ತೋರಿಸಬೇಕು ಅನ್ನೋದು ಆ ಕಂಪನಿಯ ಮರ್ಜಿ. ವಾಟ್ಸಾಪ್ ಗುಂಪು 1,024ಕ್ಕೆ ತುಂಬಿತು, ಆಮೇಲೆ ಬಾಗಿಲು ಬಂದ್. ಬ್ರಾಡ್‌ಕಾಸ್ಟ್ ಪಟ್ಟಿಗೆ 256ರ ಮಿತಿ, ಅದೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಇಮೇಲ್ ವಿಳಾಸಗಳ ಪಟ್ಟಿ ಹಾಗಲ್ಲ. ಅದು ನಿಮ್ಮ ವಹಿ. ಒಂದು ಕಂಪನಿ ಸರಿಬರಲಿಲ್ಲವೆಂದರೆ ವಹಿ ಬಗಲಲ್ಲಿಟ್ಟುಕೊಂಡು ಇನ್ನೊಂದಕ್ಕೆ ನಡೆಯಬಹುದು.

ಹಾಗೆ ನೋಡಿದರೆ ನಮ್ಮ ಸೀಮೆಗೆ ಚಂದಾ ಹೊಸದೇನಲ್ಲ. ಧಾರವಾಡದ ವಿದ್ಯಾವರ್ಧಕ ಸಂಘ 1896ರಲ್ಲೇ 'ವಾಗ್ಭೂಷಣ' ಪತ್ರಿಕೆ ತಂದಿತು. ಆಲೂರ ವೆಂಕಟರಾಯರ 'ಜಯಕರ್ನಾಟಕ' 1922ರದು. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಶುರು ಮಾಡಿದಾಗ ನಂಬಿದ್ದು ಅಂಗಡಿಗಳನ್ನಲ್ಲ, ಮೊದಲೇ ಚಂದಾ ಕಟ್ಟುವ ಓದುಗರನ್ನು. ಇನ್ನೂ ಬರೆಯದ ಪುಸ್ತಕಕ್ಕೆ ಶಾಲೆ ಮಾಸ್ತರರು ರೊಕ್ಕ ಕಳಿಸುತ್ತಿದ್ದ ಊರು ಇದು. ಆದ್ದರಿಂದ 'ನಮ್ಮ ಮಂದಿ ಓದಿಗೆ ರೊಕ್ಕ ಕೊಡೂದಿಲ್ರಿ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೊಡುತ್ತಾರೆ. ಮರೆಯುತ್ತಾರೆ, ಅದು ಬೇರೆ ಮಾತು.

ಮರೆವಿನ ವಿಷಯ ನನಗೆ ಚೆನ್ನಾಗಿ ಗೊತ್ತು. ಹುಬ್ಬಳ್ಳಿಯಲ್ಲಿ ಒಂದು ನಿಯತಕಾಲಿಕದ ಪ್ರಸರಣ ವಿಭಾಗದಲ್ಲಿ ಹನ್ನೆರಡು ವರ್ಷ ಚಂದಾದಾರರ ವಹಿ ನೋಡಿದವನು ನಾನು. ಚಂದಾ ಮುಗಿದವರಿಗೆ ಸಂಚಿಕೆಯನ್ನೇ ವಿ.ಪಿ.ಪಿ. (ಅಂಚೆಯವರಿಗೆ ರೊಕ್ಕ ಕೊಟ್ಟು ಬಿಡಿಸಿಕೊಳ್ಳುವ ಅಂಚೆ) ಮಾಡುತ್ತಿದ್ದೆವು. ಹದಿನೈದು ದಿನಕ್ಕೆ ಅಂಚೆಯವರು ಹೊರೆ ಕಟ್ಟಿ ವಾಪಸ್ ತರುತ್ತಿದ್ದರು. ಒಂದರ ಮೇಲೆ 'ಮನೆ ಬೀಗ', ಇನ್ನೊಂದರ ಮೇಲೆ 'ನಿರಾಕರಿಸಿದ್ದಾರೆ'. ಹೋಗುವ ಅಂಚೆ ವೆಚ್ಚ ನಮ್ಮ ತಲೆಗೆ, ಮುದ್ದೆಯಾದ ಸಂಚಿಕೆಯೂ ನಮ್ಮ ತಲೆಗೆ. ಒಂದು ವರ್ಷ ಬ್ಯಾಸತ್ತು, ವಿ.ಪಿ.ಪಿ. ನಿಲ್ಲಿಸಿ ನಾನೂ ಇನ್ನೊಬ್ಬ ಗುಮಾಸ್ತರೂ ಕೂತು ಕೈಯಿಂದ ಪೋಸ್ಟ್‌ಕಾರ್ಡ್ ಬರೆದೆವು: 'ಶ್ರೀಯುತ ಇಂಥವರಿಗೆ, ಮುಂದಿನ ತಿಂಗಳು ನಿಮ್ಮ ಚಂದಾ ಮುಗಿಯುತ್ತದೆ. ಆರು ವರ್ಷದಿಂದ ಓದುತ್ತಿದ್ದೀರಿ.' ಅಷ್ಟೇ. ಮನಿಯಾರ್ಡರುಗಳು ಬರತೊಡಗಿದವು. ಕೂಪನ್ನಿನಲ್ಲಿ 'ತಡವಾದ್ದಕ್ಕೆ ಕ್ಷಮಿಸಿ' ಅಂತ ಬರೆದವರೂ ಇದ್ದರು. ಈಗ ನಾಲ್ಕೈದು ಜನರ ಇಮೇಲ್ ಪತ್ರಗಳ ಲೆಕ್ಕ ನೋಡುತ್ತೇನೆ, ಅಲ್ಲೂ ಅದೇ ಕತೆ. ಮಷೀನಿನಿಂದ ಹೋದ ಜ್ಞಾಪನೆಗೆ ಹತ್ತು ಮಂದಿ ಉತ್ತರ ಕೊಟ್ಟರೆ ಹೆಸರು ಹಿಡಿದು ಬರೆದ ಎರಡು ಸಾಲಿಗೆ ಇಪ್ಪತ್ತು ಮಂದಿ ಕೊಡುತ್ತಾರೆ.

ಇಮೇಲ್ ಯಾರು ನೋಡುತ್ತಾರೆ ಅಂದಿರಲ್ಲ, ನಿಮ್ಮ 900 ಮಂದಿಯನ್ನು ಎದುರಿಗೆ ಕೂರಿಸಿಕೊಂಡು ಜರಡಿ ಹಿಡಿಯಿರಿ. ದೊಡ್ಡ ಪಾಲು ರೈತರು. ಅವರು ಇಮೇಲ್ ನೋಡುವುದಿಲ್ಲ, ನೋಡಲಿ ಅಂತ ಒತ್ತಾಯಿಸುವುದೂ ಬೇಡ. ಅವರನ್ನು ರೊಕ್ಕ ಕೇಳಲೂಬೇಡಿ. ಹಾಗನ್ನುವುದಕ್ಕೆ ಧರ್ಮವೊಂದೇ ಕಾರಣವಲ್ಲ: ಯಾವ ಊರಿನ ಮಾಲು ಕಣದಲ್ಲಿ ಇನ್ನೂ ಹಸಿ ಇದೆ, ಯಾರು ಈ ವಾರ ತರುವುದಿಲ್ಲ ಅಂತ ನಿಮಗೆ ಮೊದಲು ಹೇಳುವವರು ಅವರೇ. ಉಳಿದವರಲ್ಲಿ ಕೋಲ್ಡ್ ಸ್ಟೋರೇಜ್ ಮಾಲೀಕರಿದ್ದಾರೆ, ಖರೀದಿದಾರರ ಕಡೆಯವರಿದ್ದಾರೆ, ಮಸಾಲೆ ಪುಡಿ ಮಾಡುವವರು, ಬ್ಯಾಡಗಿ ಕಾಯಿಯಿಂದ ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಗಳಿಗೆ ಮಾಲು ಹಿಡಿಯುವವರು, ಬೀಜ–ಗೊಬ್ಬರದ ಅಂಗಡಿಯವರು, ಕೋಲ್ಡ್ ಸ್ಟೋರೇಜ್ ರಸೀದಿಯ ಮೇಲೆ ಸಾಲ ಕೊಟ್ಟು ರಾತ್ರಿ ನಿದ್ದೆ ಬಾರದ ಬ್ಯಾಂಕ್ ಮ್ಯಾನೇಜರರು ಇದ್ದಾರೆ. ಇವರೆಲ್ಲ ದಿನಕ್ಕೆ ನಾಲ್ಕು ಸಲ ಇಮೇಲ್ ತೆರೆಯುವವರೇ. ಇವರಿಗೆ ವಾಟ್ಸಾಪಿನ ತೊಂದರೆಯೂ ಗೊತ್ತು: ಹೋದ ಫೆಬ್ರವರಿಯಲ್ಲಿ ನೀವು ಬರೆದದ್ದನ್ನು ಹುಡುಕಬೇಕೆಂದರೆ ಸಾವಿರ ಶುಭೋದಯಗಳನ್ನು ದಾಟಿ ಹೋಗಬೇಕು. ಇಮೇಲಿನಲ್ಲಿ 'ಡಬ್ಬಿ' ಅಂತ ಹೊಡೆದರೆ ವರ್ಷದ ಚೀಟಿಗಳೆಲ್ಲ ಸಾಲಾಗಿ ನಿಲ್ಲುತ್ತವೆ. ನನ್ನ ಅಂದಾಜಿನಲ್ಲಿ ಮೊದಲ ವರ್ಷ 60ರಿಂದ 80 ಮಂದಿ ಕೊಟ್ಟಾರು. ಹೆಚ್ಚು ಬಂದರೆ ಸಂತೋಷ.

ಹೊರರಾಜ್ಯದ ಖರೀದಿದಾರರಿಗೆ ಕನ್ನಡ ಬರುವುದಿಲ್ಲ, ಇಂಗ್ಲಿಷಿನಲ್ಲೂ ಬರೆಯಿರಿ ಅಂತ ಯಾರೋ ಹೇಳಿಯೇ ಹೇಳುತ್ತಾರೆ. ಆ ಆಸೆಗೆ ಈಗಲೇ ಬೀಳಬೇಡಿ. ಕಾಯಿ ಬಾಗಿತು, ಮುರಿಯಲಿಲ್ಲ ಅನ್ನುವ ನಿಮ್ಮ ಭಾಷೆಯೇ ನಿಮ್ಮ ಮಾಲು.

ದರ ಎಷ್ಟು? ತಿಂಗಳ ಚಂದಾ ಬೇಡ, ವರ್ಷದ್ದು ಇಡಿ. ವಾರಕ್ಕೆರಡರ ಬದಲು ಒಂದೇ ಚೀಟಿ, ಗುರುವಾರ ರಾತ್ರಿ. ಸೋಮವಾರದ್ದು ಹಳೆಯ ಹಾಗೆಯೇ ವಾಟ್ಸಾಪಿಗೆ, ಬಿಟ್ಟಿ. 1,200 ರೂಪಾಯಿ ಕೇಳಿ. 70 ಮಂದಿ ಕೊಟ್ಟರೆ 84,000. ಬೆಂಗಳೂರಿನ ಮಗನಿಗೆ ಇದು ಎರಡು ತಿಂಗಳ ಬಾಡಿಗೆಯೂ ಅಲ್ಲದಿರಬಹುದು, ನಿಮ್ಮ ಬೈಕಿನ ಪೆಟ್ರೋಲು, ಇಂಟರ್ನೆಟ್ಟು, ಬೆಳಗಿನ ಚಹಾ ಕಳೆದರೂ ಕೈಗೆ ಚಲೋ ಉಳಿಯುತ್ತದೆ. 300 ರೂಪಾಯಿ ಇಟ್ಟರೆ ಹೆಚ್ಚು ಮಂದಿ ಬರುತ್ತಾರೆ ಅನ್ನುವ ಲೆಕ್ಕ ನನ್ನ ಅನುಭವದಲ್ಲಿ ಸುಳ್ಳು. ಆ ಮಾಹಿತಿ ಬೇಕಾದವನಿಗೆ ಲಾರಿ ಲೋಡಿನ ವ್ಯವಹಾರದ ಎದುರು 1,200 ದೊಡ್ಡದಲ್ಲ, ಬೇಡವಾದವನಿಗೆ 300 ಕೂಡ ದಂಡವೇ.

ವರ್ಷದ ಚಂದಾದಲ್ಲಿ ಒಂದು ಮುಳ್ಳಿದೆ. ಡಿಸೆಂಬರಿನಿಂದ ಮೇ ತನಕ ಪೇಟೆ ತುಂಬಿರುತ್ತದೆ, ಬರೆಯಲು ಬೇಕಾದಷ್ಟು. ಜೂನ್ ಬಂತೆಂದರೆ ಆವಕ ಬಡವಾಗುತ್ತದೆ. ಆಗ 'ಈ ವಾರ ವಿಶೇಷವಿಲ್ಲ' ಅಂತ ಎರಡು ಸಲ ಬರೆದಿರೋ, ಮೂರನೇ ಚೀಟಿಯನ್ನು ಯಾರೂ ತೆರೆಯುವುದಿಲ್ಲ. ಹಾಗೆಂದು ಮಳೆಗಾಲದಲ್ಲಿ ಬರೆಯಲು ಏನೂ ಇರುವುದಿಲ್ಲ ಅನ್ನುವುದೂ ತಪ್ಪು. ಕೋಲ್ಡ್ ಸ್ಟೋರೇಜಿನಲ್ಲಿ ಹೋದ ವರ್ಷದ ಚೀಲ ಎಷ್ಟು ಉಳಿದಿವೆ, ಎಷ್ಟು ಹೊರಬೀಳುತ್ತಿವೆ? ಕುಂದಗೋಳ, ಗದಗದ ಕಡೆ ಸಸಿ ನಾಟಿಗೆ ಮಳೆ ಸರಿಯಾಗಿ ಬಂತೇ? ಮೆಣಸಿನಕಾಯಿ ಬಿಟ್ಟು ಹತ್ತಿ, ಗೋವಿನಜೋಳಕ್ಕೆ ಹೋದವರು ಎಷ್ಟು? 2021ರಲ್ಲಿ ಕಪ್ಪು ಥ್ರಿಪ್ಸ್ ನುಸಿ ಹೂವಿಗೇ ಬಿದ್ದಾಗ ಹೊಲಕ್ಕೆ ಹೋಗಿ ನೋಡಿದವರಿಗೆ ಮಾಲು ಕಡಿಮೆಯಾಗುವುದು ಮೊದಲೇ ಗೊತ್ತಿತ್ತು. ಪೇಟೆಗೆ ಗೊತ್ತಾಗಿದ್ದು ಆವಕ ಶುರುವಾದ ಮೇಲೆ. ಖರೀದಿದಾರರಿಗೆ ಸುಗ್ಗಿಯ ಚೀಟಿಗಿಂತ ಈ ಹೊಲದ ಚೀಟಿಯೇ ಹೆಚ್ಚು ಬೆಲೆಯದು. ತಿಂಗಳಿಗೆರಡು ಸಲ ಬಸ್ ಹತ್ತಿ ಒಂದೆರಡು ಊರು ಸುತ್ತುವ ಶಕ್ತಿ, ಮನಸ್ಸು ಇದ್ದರೆ ಮಾತ್ರ ವರ್ಷದ ಚಂದಾ ಕೇಳಿ. ಇಲ್ಲವಾದರೆ ಆರು ತಿಂಗಳ ಸುಗ್ಗಿ ಚಂದಾ ಅಂತ 700 ರೂಪಾಯಿ ಇಡಿ. ಅದರಲ್ಲಿ ಮರ್ಯಾದೆ ಕಡಿಮೆಯೇನಿಲ್ಲ.

ಇನ್ನು ರೊಕ್ಕ ಇಸಕೊಳ್ಳುವ ದಾರಿ. ಇಲ್ಲಿ ಮಗನ ಸಲಹೆ ಎಡವುತ್ತದೆ. ಸಬ್‌ಸ್ಟ್ಯಾಕಿನಲ್ಲಿ ಬಿಟ್ಟಿ ಪತ್ರ ಯಾರು ಬೇಕಾದರೂ ಕಳಿಸಬಹುದು, ಆದರೆ ಚಂದಾ ವಸೂಲಿಗೆ ಸ್ಟ್ರೈಪ್ ಎಂಬ ಪಾವತಿ ಕಂಪನಿಯ ಖಾತೆ ಬೇಕು. ಸ್ಟ್ರೈಪ್ 2024ರಿಂದ ಭಾರತದಲ್ಲಿ ತಾನಾಗಿ ಕರೆದವರಿಗೆ ಮಾತ್ರ ಹೊಸ ಖಾತೆ ಕೊಡುತ್ತಿದೆ. ನಿಮ್ಮನ್ನು ಕರೆಯುತ್ತದೆ ಅಂತ ಕಾಯುತ್ತ ಕೂರುವುದು ಬೇಡ. ಎರಡನೆಯದು, ಕಾರ್ಡಿನಿಂದ ತಾನೇ ಕಡಿತವಾಗುವ ಚಂದಾ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಬಿಗಿಯಾಗಿದೆ: ಗ್ರಾಹಕ ಮೊದಲು ಒಪ್ಪಿಗೆ ನೋಂದಾಯಿಸಬೇಕು, ಪ್ರತಿ ಕಡಿತಕ್ಕೂ 24 ಗಂಟೆ ಮೊದಲು ಸಂದೇಶ ಹೋಗಬೇಕು. ಗ್ರಾಹಕನಿಗೆ ಇದು ಒಳ್ಳೆಯದೇ, ನನಗೂ ಬೇಡದ ಎಷ್ಟೋ ಕಡಿತ ಆ ಸಂದೇಶದಿಂದ ನಿಂತಿವೆ. ಆದರೆ ಆಗ ಸಾಕಷ್ಟು ಚಂದಾಗಳು ಸದ್ದಿಲ್ಲದೆ ಕೈಬಿಟ್ಟು ಹೋದವು. ಯುಪಿಐ ಆಟೋಪೇ ಇದೆ, ದೊಡ್ಡವರಿಗೆ ಸರಿ. 70 ಮಂದಿಗೆ ಅದರ ಉಸಾಬರಿ ಬೇಡ.

ಬ್ಯಾಂಕಿಗೆ ಹೋಗಿ ಇದಕ್ಕೆಂದೇ ಒಂದು ಖಾತೆ ತೆರೆದು ಕ್ಯೂಆರ್ ಇಸಕೊಳ್ಳಿ. ರೊಕ್ಕ ಬಂದ ಕೂಡಲೇ ಒಂದು ವಹಿಯಲ್ಲಿ ಹೆಸರು, ಇಮೇಲ್ ವಿಳಾಸ, ತಾರೀಖು, ಯುಪಿಐ ಪಾವತಿ ನಂಬರಿನ ಕೊನೆಯ ನಾಲ್ಕಂಕಿ. ಗುಮಾಸ್ತಿಕೆ ಮಾಡಿದವರಿಗೆ ನಾನು ವಹಿ ಬರೆಯುವುದನ್ನು ಕಲಿಸಬೇಕೇ! ಒಂದೇ ಮಾತು: ಬಂದ 84,000 ನಿಮ್ಮದಲ್ಲ, ಇನ್ನೂ ಕಳಿಸದ ಚೀಟಿಗಳ ಸಾಲ. ಪ್ರತಿ ತಿಂಗಳು 7,000ದಂತೆ ಮಾತ್ರ ನಿಮ್ಮ ಖಾತೆಗೆ ವರ್ಗಾಯಿಸಿಕೊಳ್ಳಿ. ನಡುವೆ ಆಸ್ಪತ್ರೆ ಸೇರಿದಿರಿ ಅಥವಾ ಮನಸ್ಸು ಮುರಿಯಿತು ಅನ್ನಿ, ಉಳಿದದ್ದನ್ನು ತಲೆ ಎತ್ತಿಕೊಂಡು ವಾಪಸ್ ಕೊಡಬಹುದು. ಜಿಎಸ್‌ಟಿ ನೋಂದಣಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷದ ವಹಿವಾಟು ದಾಟಿದ ಮೇಲಿನ ಮಾತು, ಸದ್ಯಕ್ಕೆ ಅದರ ಚಿಂತೆ ಬೇಡ. ಆದಾಯ ತೆರಿಗೆಯ ಲೆಕ್ಕದಲ್ಲಿ ಮಾತ್ರ ತೋರಿಸಿ.

ಕಳಿಸುವ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮೊದಲ ಸಲ ಒಬ್ಬ ಹಿರಿಯ ಲೇಖಕರ ಪತ್ರ ಕಳಿಸುವಾಗ ಅವರು 'ನುಡಿ' ಎಂಬ ಹಳೆಯ ಕನ್ನಡ ಫಾಂಟಿನಲ್ಲಿ ಹೊಡೆದದ್ದನ್ನು ಹಾಗೇ ಅಂಟಿಸಿ ಕಳಿಸಿಬಿಟ್ಟೆ. ನನ್ನ ಕಂಪ್ಯೂಟರಿನಲ್ಲಿ ಆ ಫಾಂಟ್ ಇತ್ತು, ಚಂದ ಕಂಡಿತು. ಓದುಗರಿಗೆ ಹೋದದ್ದು ಇಂಗ್ಲಿಷ್ ಅಕ್ಷರಗಳ ತಲೆಗೆಲ್ಲ ಟೋಪಿ, ಚುಕ್ಕಿ ಇಟ್ಟ ಚಿತ್ತಾರ. 'ಸರ, ಇದು ಯಾವ ಭಾಷಾದಾಗ ಐತ್ರಿ?' ಅಂತ ಗದಗದಿಂದ ಒಬ್ಬರು ಫೋನ್ ಮಾಡಿದ್ದರು. ದಲಾಲಿ ಅಂಗಡಿಯ ಕಂಪ್ಯೂಟರಿನಲ್ಲಿ ಕಲಿತಿದ್ದರೆ ನಿಮ್ಮ ಕೈಯೂ ಆ ಹಳೆಯ ನುಡಿಗೇ ಒಗ್ಗಿರಬಹುದು. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲೇ ಹೊಡೆಯಿರಿ, ಮೊಬೈಲಿನಲ್ಲಿ ಬರೆಯುವುದು ಹೇಗೂ ಯೂನಿಕೋಡೇ.

ಯೂನಿಕೋಡಿಗೆ ಇನ್ನೊಂದು ಗುಣವಿದೆ, ಕನ್ನಡದವರಿಗೆ ಅದು ಸ್ವಲ್ಪ ದುಬಾರಿ. ಇಂಗ್ಲಿಷಿನ ಒಂದಕ್ಷರ 1 ಬೈಟ್ ಜಾಗ ತಿಂದರೆ ಕನ್ನಡದ ಮೂಲಾಕ್ಷರ, ಗುಣಿತದ ಚಿಹ್ನೆ ಎಲ್ಲವೂ ತಲಾ 3. 'ಮೆಣಸಿನಕಾಯಿ' ಎಂದು ಬರೆದರೆ 30 ಬೈಟ್. ಒಂದು ಇಮೇಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಕೆಳಗಿನದನ್ನು ಮಡಚಿ 'ಪೂರ್ತಿ ನೋಡಲು ಒತ್ತಿ' ಅನ್ನುತ್ತದೆ. ಒತ್ತುವವರು ಕಡಿಮೆ. ನಿಮ್ಮ ಒಂದು ಪುಟಕ್ಕೆ ಈ ಭಯವಿಲ್ಲ, ಮಗ ಬಣ್ಣ ಬಣ್ಣದ ವಿನ್ಯಾಸ ತಂದು ತುಂಬಿದಾಗ ನೆನಪಿರಲಿ. ಬಿಳಿ ಹಾಳೆ, ಕರಿ ಅಕ್ಷರ, ಬೇಕಾದರೆ ಕಾಯಿಯ ಒಂದು ಫೋಟೋ. ಸಾಕು.

ಸಾದಾ ಜಿಮೇಲಿನಿಂದ ದಿನಕ್ಕೆ 500 ವಿಳಾಸಗಳ ತನಕ ಕಳಿಸಬಹುದು. ಹಾಗೆಂದು ಎಲ್ಲರನ್ನೂ ಒಂದೇ ಸಲ ಸೇರಿಸಿ ಒಗೆದರೆ ಸ್ಪ್ಯಾಮ್ ಡಬ್ಬಿಗೆ ಬೀಳುವ ಸಂಭವ ಹೆಚ್ಚು. ಪತ್ರ ಕಳಿಸಲೆಂದೇ ಇರುವ ಸೇವೆಗಳಲ್ಲಿ ಒಂದನ್ನು ಹಿಡಿಯಿರಿ. ಸಬ್‌ಸ್ಟ್ಯಾಕಿನ ಬಿಟ್ಟಿ ಖಾತೆಯೂ ಆದೀತು, ಆದರೆ ಹಾಗೆ ಕಳಿಸಿದ್ದು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುತ್ತದೆಯೋ ಇಲ್ಲವೋ ಅನ್ನುವುದನ್ನು ಮಗನಿಗೆ ಹೇಳಿ ಸರಿಮಾಡಿಸಿಕೊಳ್ಳಿ. ಮೊದಲ ಪತ್ರ ಕಳಿಸಿದ ರಾತ್ರಿ ಹತ್ತು ಮಂದಿಗೆ ಫೋನ್ ಮಾಡಿ 'ಬಂತೇನ್ರಿ? ಎಲ್ಲಿ ಬಿದ್ದೈತಿ?' ಅಂತ ಕೇಳಿ. 'ಒಂದು ಸಾಲು ಉತ್ತರ ಬರೀರಿ' ಅನ್ನಿ. ಓದುಗ ಒಮ್ಮೆ ಉತ್ತರಿಸಿದ ವಿಳಾಸದಿಂದ ಬಂದದ್ದನ್ನು ಜಿಮೇಲ್ ಪರಿಚಯದವರ ಪತ್ರ ಅಂತ ನೋಡತೊಡಗುತ್ತದೆ. ಎಷ್ಟು ಮಂದಿ ತೆರೆದರು ಅಂತ ಆ ಸೇವೆ ಶೇಕಡಾ ಲೆಕ್ಕ ತೋರಿಸುತ್ತದೆ, ಅದನ್ನು ಅಷ್ಟು ನಂಬಬೇಡಿ. 2021ರಿಂದ ಆಪಲ್ ಫೋನುಗಳು ಓದದಿದ್ದರೂ ಓದಿದಂತೆ ತೋರಿಸುತ್ತವೆ.

ಚಂದಾದಾರರು ಫಾರ್ವರ್ಡ್ ಮಾಡಿಯೇ ಮಾಡುತ್ತಾರೆ. ನಮ್ಮ ಪತ್ರಿಕೆಯ ಒಂದು ಸಂಚಿಕೆಯನ್ನು ಓಣಿಯ ಎಂಟು ಮನೆಯವರು ಓದುತ್ತಿದ್ದರು. ಪೊಲೀಸ್‌ಗಿರಿ ಮಾಡಲು ಹೋಗಬೇಡಿ. ಪತ್ರದ ಕೊನೆಗೆ 'ಇದು ಇಂಥವರ ಚಂದಾದಿಂದ ನಡೆಯುವ ಚೀಟಿ' ಅಂತ ಒಂದು ಸಾಲು, ಕ್ಯೂಆರ್. ಆಯಿತು.

ನೀವು ಕೇಳದೆ ಇದ್ದದ್ದು ಒಂದಿದೆ, ನನಗೆ ಅದೇ ದೊಡ್ಡದು. 26 ವರ್ಷ ಒಂದು ಅಂಗಡಿಯಲ್ಲಿ ಇದ್ದವರು ನೀವು. ಆ ಅಂಗಡಿಯ ಋಣ, ಮುನಿಸು ಎರಡೂ ಇರುತ್ತವೆ. ರೊಕ್ಕ ಕೊಟ್ಟ ಖರೀದಿದಾರ ಒಂದು ದಿನ ಫೋನ್ ಮಾಡಿ 'ದರ ಇಳಿಯೂ ಹಂಗ ಐತಿ ಅಂತ ತುಸು ಬರೀರಲ್ಲ' ಅಂದೇ ಅನ್ನುತ್ತಾನೆ. ನಿಮ್ಮವೇ ಹತ್ತು ಚೀಲ ಕೋಲ್ಡ್ ಸ್ಟೋರೇಜಿನಲ್ಲಿ ಇದ್ದರೆ ಅದನ್ನು ಚೀಟಿಯಲ್ಲೇ ಬರೆದುಬಿಡಿ. ನಾಳೆಯ ದರ ಹೇಳಲು ಹೋಗಬೇಡಿ. ಇಂದು ಕಂಡದ್ದು, ಕೇಳಿದ್ದು, ಕೇಳಿದ್ದರಲ್ಲಿ ಯಾರು ಹೇಳಿದ್ದು ಅನ್ನುವಷ್ಟೇ ಇರಲಿ. 2024ರ ಮಾರ್ಚ್ 11ರ ಸೋಮವಾರ ದರ ಕುಸಿಯಿತೆಂದು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ನಿಮಗೆ ನನಗಿಂತ ಹೆಚ್ಚು ನೆನಪಿರುತ್ತದೆ. ಅಂಥ ದಿನ 900 ಮಂದಿಯ ಗುಂಪಿನಲ್ಲಿ ಒಂದು ತಪ್ಪು ಸಾಲು ಏನು ಮಾಡಬಲ್ಲದು ಅನ್ನುವುದನ್ನೂ ನೀವು ಬಲ್ಲಿರಿ. ಗುರುವಾರ ರಾತ್ರಿಯ ಇಮೇಲಿಗೆ ಇರುವ ಅನುಕೂಲವೆಂದರೆ ಬರೆದು ಊಟ ಮಾಡಿ ಬಂದು ಇನ್ನೊಮ್ಮೆ ಓದಿ ಕಳಿಸಬಹುದು.

ಶುರು ಹೀಗೆ ಮಾಡಿ. ನವೆಂಬರಿನಲ್ಲಿ ವಹಿ ತೆಗೆದು, ಹೆಸರು ಹಿಡಿದು ಮಾತಾಡಿಸಬಲ್ಲ 30 ಮಂದಿಯ ಪಟ್ಟಿ ಮಾಡಿ. ಗುಂಪಿನಲ್ಲಿ ಘೋಷಣೆ ಬೇಡ, ಒಬ್ಬೊಬ್ಬರಿಗೇ ಫೋನ್ ಮಾಡಿ. 'ನೋಡೂಣ ತಗೊಳ್ರಿ' ಅಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ, ರೊಕ್ಕ ಹಾಕಿದವರನ್ನು ಎಣಿಸಿ. 20 ಆದರೆ ಡಿಸೆಂಬರಿನ ಮೊದಲ ಗುರುವಾರ ಚೀಟಿ ಹೊರಡಲಿ. ಹತ್ತಕ್ಕೇ ನಿಂತರೆ ಆ ಹತ್ತು ಮಂದಿಗೆ ವಾಪಸ್ ಹಾಕಿ, ಈ ವರ್ಷ ವಾಟ್ಸಾಪಿನಲ್ಲೇ ನಡೆಸಿ, ಆರನೇ ಸಾಲುಗಳನ್ನು ಹೆಚ್ಚು ಮಾಡಿ. ನಡುವೆ ಸೇರಿದವರ ಚಂದಾವನ್ನೂ ನವೆಂಬರಿಗೇ ಮುಗಿಯುವಂತೆ ತಿಂಗಳ ಲೆಕ್ಕದಲ್ಲಿ ಇಸಕೊಳ್ಳಿ. ನಾವು ಪತ್ರಿಕೆಯಲ್ಲಿ ಇದನ್ನು ಮಾಡದೆ ವರ್ಷದ ಹನ್ನೆರಡೂ ತಿಂಗಳು ಪೋಸ್ಟ್‌ಕಾರ್ಡ್ ಬರೆಯುತ್ತ ಕೂತಿದ್ದೆವು.